ಮನೆಗೆ ಬಂದರೂ ಮೈ ಇನ್ನೂ ಡ್ಯೂಟಿಯಲ್ಲೇ ಇದ್ದರೆ

ಪೆನ್ಷನ್ ಮೇಲೆ ಊರಿಗೆ ಬಂದು ಮೂರು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಗದ್ದೆ ಕಡೆ ಹೊರಟಿದ್ದೆವು. ಹೆಂಡತಿ ಮುಂದೆ, ನಾನು ಹಿಂದೆ. ರಾತ್ರಿ ಮಳೆ ಬಂದು ಬದು ಒದ್ದೆಯಾಗಿತ್ತು. ಅವಳು ಇದ್ದಕ್ಕಿದ್ದಂತೆ ನಿಂತು ತಿರುಗಿ ನೋಡಿದಳು. "ಏನ್ರೀ, ನನ್ನ ಹೆಜ್ಜೆ ಮೇಲೇ ಹೆಜ್ಜೆ ಇಟ್ಕೊಂಡು ಬರ್ತಿದೀರಲ್ಲ?" ಅಂದಳು. ನಾನೂ ಹಿಂದೆ ತಿರುಗಿ ನೋಡಿದೆ. ಅಷ್ಟುದ್ದ ಬದುವಿನ ಮೇಲೆ ಒಬ್ಬರೇ ನಡೆದ ಹಾಗಿತ್ತು. ಅವಳ ಸಣ್ಣ ಪಾದದ ಗುರುತಿನ ಮೇಲೆ ನನ್ನ ಚಪ್ಪಲಿಯ ಗುರುತು. ಒಂದೂ ತಪ್ಪಿರಲಿಲ್ಲ.

ನಾನು ಸ್ಯಾಪರ್, ಅಂದರೆ ಸೇನೆಯ ಎಂಜಿನಿಯರ್ ದಳದ ಸೈನಿಕ. ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಎಂಇಜಿಯಲ್ಲಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಟ್ರೇನಿಂಗ್ ಮುಗಿಸಿದ 'ತಂಬಿ', ಅಲ್ಲಿಯ ಸೈನಿಕರನ್ನು ಕರೆಯುವುದೇ ಹಾಗೆ. 2001ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮೇಲೆ ದಾಳಿಯಾದ ಮೇಲೆ ಪಶ್ಚಿಮ ಗಡಿಯುದ್ದಕ್ಕೂ ಸೇನೆ ಹೋಗಿ ನಿಂತಿತಲ್ಲ, ಆಪರೇಷನ್ ಪರಾಕ್ರಮ್, ಆಗ ರೈತರ ಹೊಲಗಳಲ್ಲಿ ಮೈನ್, ಅಂದರೆ ಒತ್ತಿದರೆ ಸಿಡಿಯುವ ನೆಲಬಾಂಬು, ಹೂತವರಲ್ಲಿ ನಾನೂ ಒಬ್ಬ. ಆಮೇಲೆ ತೆಗೆದವರೂ ನಾವೇ. ಯುದ್ಧ ಆಗಲೇ ಇಲ್ಲ. ಆದರೂ ಹೂಳುವಾಗ ಜನ ಸತ್ತರು, ತೆಗೆಯುವಾಗ ಕಾಲು ಕಳೆದುಕೊಂಡರು. ಪ್ರಾಡರ್ ಅನ್ನೋ ಕಡ್ಡಿಯನ್ನು ಮಣ್ಣಿಗೆ ಓರೆಯಾಗಿ, ಸುಮಾರು 30 ಡಿಗ್ರಿಯಲ್ಲಿ, ಚುಚ್ಚಿ ನೋಡಬೇಕು. ನೆಟ್ಟಗೆ ಚುಚ್ಚಿದರೆ ಮೈನ್ ತಲೆ ಮೇಲೇ ಒತ್ತಿದ ಹಾಗೆ. ನೋಡಿ ಮುಗಿಸಿದ ಜಾಗಕ್ಕೆ ಬಿಳಿ ಪಟ್ಟಿ ಎಳೆಯುತ್ತಿದ್ದೆವು. ಆ ಪಟ್ಟಿಯೊಳಗೆ, ಮುಂದಿನವನ ಹೆಜ್ಜೆ ಮೇಲೆ ಹೆಜ್ಜೆ. ವರ್ಷಗಟ್ಟಲೆ ಆದ ಮೇಲೆ, ಆಲೂರು ಸೀಮೆಯ ಗದ್ದೆ ಬದುವಿನ ಮೇಲೆ, ನನ್ನ ಕಾಲು ಯಾರ ಅಪ್ಪಣೆಯನ್ನೂ ಕೇಳದೆ ಅದನ್ನೇ ಮಾಡುತ್ತಿತ್ತು.

ನಾನು ಡಾಕ್ಟರ್ ಅಲ್ಲ. ಈ ದಾರಿಯಲ್ಲಿ ನಡೆದವನು, ಡಾಕ್ಟರ ಹತ್ತಿರ ಕೇಳಿ ಕಲಿತವನು, ಅಷ್ಟೇ. ಹಳೆಯ ಅಪಾಯ ಮುಗಿದರೂ ಮೈ ಮನಸ್ಸು ಬಿಟ್ಟು ಹೋಗದ ಈ ತೊಂದರೆಗೆ ಪಿಟಿಎಸ್‌ಡಿ (ಪೋಸ್ಟ್ ಟ್ರಾಮಾಟಿಕ್ ಸ್ಟ್ರೆಸ್ ಡಿಸಾರ್ಡರ್) ಅನ್ನುತ್ತಾರೆ. ಅದರ ಬಗ್ಗೆ ಫೌಜಿನಿಂದ ಬಂದವರಿಗೆ, ಅವರ ಮನೆಯವರಿಗೆ ಬರೆಯುತ್ತಿದ್ದೇನೆ. ಪೊಲೀಸರಿಗೆ, ಆಕ್ಸಿಡೆಂಟ್‌ನಲ್ಲಿ ಬದುಕಿ ಬಂದವರಿಗೆ, 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಮನೆ ಕಳೆದುಕೊಂಡು ಈಗಲೂ ಜೋರು ಮಳೆ ಬಂದರೆ ಎದ್ದು ಕೂರುವವರಿಗೂ ಇದರಲ್ಲಿ ಬಹುಪಾಲು ಹೊಂದುತ್ತದೆ.

ಮುಂದೆ ಓದುವ ಮೊದಲು ಒಂದು ಮಾತು. ಸಾಯಬೇಕು ಅನ್ನೋ ಯೋಚನೆ ಬರುತ್ತಿದ್ದರೆ ಈ ಲೇಖನ ಪಕ್ಕಕ್ಕಿಡಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಈಗಲೇ ಏನಾದರೂ ಮಾಡಿಕೊಳ್ಳುವ ಹಾಗಿದ್ದರೆ 112, ಇಲ್ಲವೇ 108. ಒಬ್ಬರೇ ಇರಬೇಡಿ, ಪಕ್ಕದ ಮನೆಗಾದರೂ ಹೋಗಿ ಕೂತುಕೊಳ್ಳಿ.

ಮೊದಲ ಕೆಲಸ: ಇದೇನು ಅಂತ ಗುರುತಿಸುವುದು

ಊರಿಗೆ ಬಂದ ಹೊಸದರಲ್ಲಿ ಎಲ್ಲರಿಗೂ ಸ್ವಲ್ಪ ತಲೆ ಕೆಡುತ್ತದೆ. ಅದು ಸಹಜ. ಮೂವತ್ತೇಳು ಮೂವತ್ತೆಂಟು ವರ್ಷಕ್ಕೇ 'ರಿಟೈರ್ಡ್' ಅನ್ನಿಸಿಕೊಳ್ಳುತ್ತೀವಿ. ಬೆಳಿಗ್ಗೆ ಪಿಟಿ ಇಲ್ಲ, ಸಂಜೆ ರೋಲ್‌ಕಾಲ್ ಇಲ್ಲ. ಬ್ಯಾಂಕಿನಲ್ಲಿ ಕ್ಯೂ ಮುರಿಯುವವರನ್ನು ಕಂಡರೆ ಮೈ ಉರಿಯುತ್ತದೆ. ಮಕ್ಕಳು ಅಪ್ಪನನ್ನು ರಜೆಗೆ ಬಂದ ನೆಂಟನ ಹಾಗೆ ನೋಡುತ್ತವೆ. ಇದೆಲ್ಲ ಆರು ತಿಂಗಳಲ್ಲಿ, ವರ್ಷದಲ್ಲಿ ತಾನಾಗಿ ಸರಿಹೋಗಬಹುದು. ನಾಲ್ಕು ವರ್ಷಕ್ಕೇ ವಾಪಸ್ ಬರುವ ಅಗ್ನಿವೀರರಿಗೂ ಇದು ಬೇರೆ ರೀತಿಯಲ್ಲಿ ಇದ್ದೇ ಇರುತ್ತದೆ.

ಪಿಟಿಎಸ್‌ಡಿ ಬೇರೆ. ಜೀವಕ್ಕೆ ಅಪಾಯ ಆದದ್ದನ್ನು ಅನುಭವಿಸಿದವರಿಗೆ ಅಥವಾ ಕಣ್ಣಾರೆ ಕಂಡವರಿಗೆ ಬರುವ ತೊಂದರೆ ಇದು. ಡಾಕ್ಟರು ನೋಡುವುದು ಮುಖ್ಯವಾಗಿ ನಾಲ್ಕು ವಿಷಯ. ಹಳೆಯದು ನುಗ್ಗಿ ಬರುವುದು: ಕೆಟ್ಟ ಕನಸು, ಎಚ್ಚರವಿದ್ದಾಗಲೂ ಅಲ್ಲೇ ಇದ್ದ ಹಾಗೆ ಅನ್ನಿಸುವುದು. ಅದನ್ನು ನೆನಪಿಸುವ ಜಾಗ, ಜನ, ಮಾತಿನಿಂದ ತಪ್ಪಿಸಿಕೊಂಡು ತಿರುಗುವುದು. ಮನಸ್ಸು ಮರಗಟ್ಟುವುದು, ಯಾರ ಮೇಲೂ ಪ್ರೀತಿ ಬಾರದಿರುವುದು, ತಪ್ಪೆಲ್ಲ ನನ್ನದೇ ಅನ್ನಿಸುವುದು. ಕೊನೆಯದು, ಮೈ ಸದಾ ಸ್ಟ್ಯಾಂಡ್ ಟುನಲ್ಲಿ, ಅಂದರೆ ದಾಳಿ ಎದುರಿಸಲು ಸಿದ್ಧವಾಗಿ ನಿಂತ ಹಾಗೆ ಇರುವುದು: ಸಣ್ಣ ಸದ್ದಿಗೆ ಬೆಚ್ಚುವುದು, ಹೋಟೆಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟೇ ಕೂರುವುದು, ಥಟ್ಟನೆ ಸಿಟ್ಟು. ಇವು ಒಂದು ತಿಂಗಳಿಗಿಂತ ಜಾಸ್ತಿ ಇದ್ದು, ಕೆಲಸ, ನಿದ್ದೆ, ಸಂಸಾರ ಕೆಡುತ್ತಿದ್ದರೆ ಡಾಕ್ಟರಿಗೆ ತೋರಿಸಲೇಬೇಕು. ಘಟನೆ ಆದ ಕೂಡಲೇ ಶುರುವಾಗಬೇಕು ಅಂತಿಲ್ಲ. ಪಲ್ಟನ್‌ನಲ್ಲಿ ಇರುವಷ್ಟು ದಿನ ಕೆಲಸದ ಭರದಲ್ಲಿ ಅಡಗಿದ್ದು, ಮನೆಗೆ ಬಂದು ಸುಮ್ನೆ ಕೂತಾಗ ಎದ್ದು ಬರುವುದುಂಟು. ನನಗೆ ಆದದ್ದು ಹಾಗೇ.

"ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ" ಅನ್ನುವ ಹಿರಿಯರು ಪ್ರತಿ ಊರಿನಲ್ಲೂ ಒಬ್ಬರಿರುತ್ತಾರೆ. ಇತ್ತು, ಹೆಸರು ಬೇರೆ ಇತ್ತು. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಚಾರ್ಲ್ಸ್ ಮೈಯರ್ಸ್ ಅನ್ನುವ ಬ್ರಿಟಿಷ್ ಡಾಕ್ಟರ್ 'ಶೆಲ್ ಶಾಕ್' ಅಂತ ಬರೆದ. ಆ ಯುದ್ಧದಲ್ಲಿ ಹೇಡಿತನ, ಓಡಿಹೋದ ಆರೋಪದಂಥವುಗಳಿಗೆ ಗುಂಡಿಕ್ಕಿದ 306 ಸೈನಿಕರಿಗೆ ಬ್ರಿಟನ್ ಕ್ಷಮೆ ಕೊಟ್ಟದ್ದು 2006ರಲ್ಲಿ. ಅವರಲ್ಲಿ ಎಷ್ಟೋ ಮಂದಿಗೆ ಆಗಿದ್ದದ್ದು ಇದೇ ಕಾಯಿಲೆ ಅಂತ ಆಮೇಲೆ ಒಪ್ಪಿಕೊಂಡರು. ಪಿಟಿಎಸ್‌ಡಿ ಅನ್ನುವ ಹೆಸರು ವೈದ್ಯರ ಪಟ್ಟಿಗೆ ಸೇರಿದ್ದು ವಿಯೆಟ್ನಾಂ ಯುದ್ಧ ಮುಗಿದ ಮೇಲೆ, 1980ರಲ್ಲಿ.

ಒಂದು ವಾರ ನೋಟ್‌ಬುಕ್ ಬರೆಯಿರಿ

ಗಾರ್ಡ್ ರೂಮಿನಲ್ಲಿ ರಿಜಿಸ್ಟರ್ ಬರೆದ ಕೈ ತಾನೇ ನಮ್ಮದು, ಇದು ಕಷ್ಟವಲ್ಲ. ಎಷ್ಟು ಗಂಟೆ, ಎಲ್ಲಿದ್ದೆ, ಏನು ಕೇಳಿಸಿತು ಅಥವಾ ಕಾಣಿಸಿತು, ಮೈಗೆ ಏನಾಯಿತು, ಆಮೇಲೆ ಏನು ಮಾಡಿದೆ. ಐದೇ ವಿಷಯ, ಒಂದೊಂದು ಸಾಲು. ಹಳೆಯ ಘಟನೆಯ ಕತೆ ಬರೆಯುವ ಅಗತ್ಯ ಇಲ್ಲ, ಈಗ ಬೇಡವೂ ಬೇಡ.

ನನ್ನ ನೋಟ್‌ಬುಕ್‌ನಲ್ಲಿ ಮೊದಲ ವಾರ ಹನ್ನೊಂದು ಸಾಲು ಇದ್ದವು. ಅದರಲ್ಲಿ ಏಳು 'ಹುಲ್ಲು'. ನಾನು ಪಟಾಕಿ, ಗುಂಡಿನ ಸದ್ದು ಅಂದುಕೊಂಡಿದ್ದೆ. ನೋಡಿದರೆ, ನೆಲ ಕಾಣದ ಹಾಗೆ ಹುಲ್ಲು ಬೆಳೆದ ಯಾವ ಜಾಗಕ್ಕೂ ನಾನು ಹೋಗುತ್ತಿರಲಿಲ್ಲ. ತಂಗಿ ಮನೆಗೆ ಹೋಗೋದು ಬಿಟ್ಟಿದ್ದೆ, ಅವಳ ಮನೆ ದಾರಿ ಹುಲ್ಲು. ಮಗನ ಸ್ಕೂಲಿನ ಆಟದ ದಿನ ಹೋಗಿರಲಿಲ್ಲ, ಮೈದಾನ ಹುಲ್ಲು. ಪ್ರತಿ ಸಲವೂ ಒಂದು ನೆಪ ಇತ್ತು, ನೆಪವನ್ನು ನಾನೇ ನಂಬಿದ್ದೆ. ಬರೆಯದೆ ಇದು ಕಾಣುತ್ತಿರಲಿಲ್ಲ.

ಡಾಕ್ಟರ ಹತ್ತಿರ ಹೋಗುವಾಗ ಈ ನೋಟ್‌ಬುಕ್ ತೆಗೆದುಕೊಂಡು ಹೋಗಿ. ಅಲ್ಲಿ ಬಾಯಿ ಕಟ್ಟಿದರೆ ಅದನ್ನು ಮೇಜಿನ ಮೇಲಿಟ್ಟರೆ ಸಾಕು.

ಎದೆ ಡವಗುಟ್ಟಿದಾಗ

ಉಸಿರು: ಮೂಗಿನಲ್ಲಿ ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ಹೊರಗೆ ಬಿಡುವುದು ಉದ್ದ ಇರಬೇಕು, ಗುಟ್ಟು ಅಷ್ಟೇ. ಉಸಿರು ನಿಧಾನವಾಗಿ ಹೊರಗೆ ಹೋಗುವಾಗ ಎದೆಬಡಿತ ಇಳಿಯುತ್ತದೆ. ಐದು ನಿಮಿಷ ಮಾಡಿ. ಆದರೆ ಇದನ್ನು ಏನೂ ಆಗದಿರುವಾಗ ದಿನಕ್ಕೆ ಎರಡು ಸಲ ಕಲಿತಿರಬೇಕು. ರೈಫಲ್ ಹಿಡಿಯೋದನ್ನು ನಾವು ಮೊದಲು ಕಲಿತದ್ದು ರೇಂಜ್‌ನಲ್ಲಿ ತಾನೇ?

ಕಣ್ಣು ಮುಚ್ಚಿ ಧ್ಯಾನ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಕಣ್ಣು ಮುಚ್ಚಿದರೆ ಜಾಸ್ತಿಯೇ ಆಗುತ್ತಿತ್ತು. ಇದು ತುಂಬ ಜನರಿಗೆ ಹೀಗೇ ಅಂತ ಆಮೇಲೆ ತಿಳಿಯಿತು. ಹಾಗಿದ್ದರೆ ಕಣ್ಣು ತೆರೆದೇ ಮಾಡಿ, ಗೋಡೆಯ ಮೇಲೆ ಒಂದು ಕಡೆ ನೋಟ ಇಟ್ಟು.

ಎರಡನೆಯದು, ಇಲ್ಲಿಗೆ ವಾಪಸ್ ಬರುವುದು. ಕಣ್ಣಿಗೆ ಕಾಣುವ ಐದು ವಸ್ತು, ಮುಟ್ಟಲು ಸಿಗುವ ನಾಲ್ಕು, ಕೇಳಿಸುವ ಮೂರು ಸದ್ದು, ಎರಡು ವಾಸನೆ, ಒಂದು ರುಚಿ, ಹೀಗೆ ಎಣಿಸುವ ಕ್ರಮ ಒಂದಿದೆ. ನನಗೆ ಅಷ್ಟೆಲ್ಲ ಎಣಿಸಲು ಆಗುತ್ತಿರಲಿಲ್ಲ. ಜೋರಾಗಿ ರಿಪೋರ್ಟ್ ಕೊಡುತ್ತಿದ್ದೆ: "ಇವತ್ತು ಮಂಗಳವಾರ. ಇದು ಆಲೂರು. ಇದು ಶುಂಠಿ ಹೊಲ. ನನ್ನ ವಯಸ್ಸು ನಲವತ್ತು." ಹೊಲದಲ್ಲಿದ್ದರೆ ಒಂದು ಶುಂಠಿ ಮುರಿದು ಮೂಗಿಗೆ ಹಿಡಿಯುತ್ತಿದ್ದೆ. ಆ ಗಡಿಯಲ್ಲಿ ಶುಂಠಿ ವಾಸನೆ ಇರಲಿಲ್ಲ, ಹಾಗಾಗಿ ಮೈ ಬೇಗ ನಂಬುತ್ತಿತ್ತು. ನಿಮಗೆ ಹೊಂದುವ ವಾಸನೆ ಹುಡುಕಿಕೊಳ್ಳಿ. ನಿಂಬೆಹಣ್ಣು, ಕಾಫಿ ಪುಡಿ, ವಿಭೂತಿ, ಏನಾದರೂ ಸರಿ. ಆ ದಿನಗಳನ್ನು ನೆನಪಿಸುವ ವಾಸನೆ ಆಗಿರಬಾರದು ಅಷ್ಟೇ.

ರಾತ್ರಿ, ಮತ್ತು ಕ್ಯಾಂಟೀನ್ ರಮ್

ಎಷ್ಟು ಹೊತ್ತಿಗೆ ಮಲಗಿದರೂ ಏಳುವುದು ಒಂದೇ ಹೊತ್ತಿಗೆ ಇರಲಿ. ಹಾಸಿಗೆಯಲ್ಲಿ ಇಪ್ಪತ್ತು ನಿಮಿಷ ಹೊರಳಾಡಿದರೂ ನಿದ್ದೆ ಬರದಿದ್ದರೆ ಎದ್ದು ಬೇರೆ ಕಡೆ ಕೂತು, ಮಂಕು ಬೆಳಕಿನಲ್ಲಿ ಬೇಜಾರಿನ ಕೆಲಸ ಏನಾದರೂ ಮಾಡಿ. ನಾನು ಅವರೆಕಾಯಿ ಕಾಲದಲ್ಲಿ ಅವರೆಕಾಳು ಹಿದುಕುತ್ತಿದ್ದೆ. ಮನೆಯವರಿಗೆ ಬೆಳಿಗ್ಗೆ ಹಿದುಕವರೆ ರೆಡಿ. ಮಧ್ಯಾಹ್ನದ ಮೇಲೆ ಕಾಫಿ ಬೇಡ, ಹಾಸನದವನಾಗಿ ಇದನ್ನು ಬರೆಯಲು ಕಷ್ಟವಾಗುತ್ತದೆ.

ರಾತ್ರಿ ಬಾಗಿಲು ನೋಡುವುದು. ನಾನು ಏಳೆಂಟು ಸಲ ಎದ್ದು ಚಿಲಕ ನೋಡುತ್ತಿದ್ದೆ. ಡಾಕ್ಟರು ಒಂದೇ ಸಲಕ್ಕೆ ನಿಲ್ಲಿಸಿ ಅನ್ನಲಿಲ್ಲ. ಈ ವಾರ ನಾಲ್ಕು, ಮುಂದಿನ ವಾರ ಮೂರು ಅಂದರು. ಈಗ ಒಂದು ಸಲ, ಎಲ್ಲರ ಮನೆಯಲ್ಲೂ ನೋಡುವ ಹಾಗೆ.

ಒಂದೇ ಕನಸು ಪದೇ ಪದೇ ಬರುತ್ತಿದ್ದರೆ ಹಗಲು ಹೊತ್ತು, ಮನಸ್ಸು ಸಮಾಧಾನವಾಗಿದ್ದಾಗ, ಅದನ್ನು ಬೇರೆ ತಿರುವು ಕೊಟ್ಟು ಬರೆಯಿರಿ. ತಿರುವು ನಿಜವಾಗಿರಬೇಕಾಗಿಲ್ಲ. ನನ್ನ ಕನಸಿನಲ್ಲಿ ಹೊಲ ಮುಗಿಯುತ್ತಲೇ ಇರಲಿಲ್ಲ, ಬಿಳಿ ಪಟ್ಟಿ ಖಾಲಿಯಾಗುತ್ತಿತ್ತು. ಬರೆದದ್ದರಲ್ಲಿ ಪಟ್ಟಿಯ ಹೊಸ ಸುರುಳಿ ಸಿಗುತ್ತದೆ, ಹೊಲದ ಆ ತುದಿಯಲ್ಲಿ ನಮ್ಮೂರ ಬಸ್ ನಿಂತಿರುತ್ತದೆ. ದಿನಾ ಹತ್ತು ಹದಿನೈದು ನಿಮಿಷ ಅದನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ಕೆಲವು ವಾರ ಬೇಕಾಯಿತು. ಕನಸು ನಿಂತೇಹೋಯಿತು ಅನ್ನಲಾರೆ, ಕಿರುಚಿಕೊಂಡು ಏಳುವುದು ನಿಂತಿತು. ತೀರಾ ಭೀಕರವಾದ ಕನಸಾದರೆ ಇದನ್ನು ಒಬ್ಬರೇ ಮಾಡದೆ ಚಿಕಿತ್ಸಕರ ಜೊತೆ ಮಾಡಿ.

ಇನ್ನು ರಮ್. ನಮಗೆಲ್ಲ ಸೇನೆಯ ಕ್ಯಾಂಟೀನಿನಲ್ಲಿ ತಿಂಗಳ ಕೋಟಾ ಇದೆ, ಹೊರಗಿನ ಬೆಲೆಗಿಂತ ಅಗ್ಗ. ಅರ್ಧಕ್ಕರ್ಧ ಮಂದಿ ಅದನ್ನೇ ನಿದ್ದೆ ಮಾತ್ರೆ ಮಾಡಿಕೊಂಡಿದ್ದಾರೆ ಅಂತ ನನ್ನ ಅಂದಾಜು, ಲೆಕ್ಕ ಹಿಡಿದವನಲ್ಲ. ಎರಡು ಪೆಗ್ ಹಾಕಿದರೆ ಬೇಗ ನಿದ್ದೆ ಹತ್ತುತ್ತದೆ, ನಿಜ. ಆದರೆ ರಾತ್ರಿಯ ಎರಡನೇ ಅರ್ಧದಲ್ಲಿ ಅದು ನಿದ್ದೆಯನ್ನು ಒಡೆಯುತ್ತದೆ. ಎರಡೂವರೆ ಮೂರು ಗಂಟೆಗೆ ಬೆವೆತು ಏಳುವುದು ಅದಕ್ಕೇ. ಮರುದಿನ ಸಿಟ್ಟು ಜಾಸ್ತಿ, ಮತ್ತೆ ರಾತ್ರಿ ಎರಡರ ಬದಲು ಮೂರು. ನಾನು ಮಾಡಿದ್ದು ಇಷ್ಟು: ಆರು ತಿಂಗಳು ಕೋಟಾ ತರಲೇ ಇಲ್ಲ. ಮನೆಯಲ್ಲಿದ್ದರೆ ಕುಡಿಯುತ್ತೇನೆ ಅಂತ ಗೊತ್ತಿತ್ತು. ಇನ್ನೊಂದು ಮುಖ್ಯ ವಿಷಯ. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿಯುವವರು ಒಮ್ಮೆಗೇ ಬಿಡಬಾರದು. ಕೈ ನಡುಕ, ಫಿಟ್ಸ್, ಜೀವಕ್ಕೇ ಅಪಾಯ ಆಗಬಹುದು. ಡಾಕ್ಟರಿಗೆ ಎಷ್ಟು ಕುಡಿಯುತ್ತೀರಿ ಅಂತ ನಿಜ ಹೇಳಿ, ಅವರ ಸಹಾಯದಿಂದಲೇ ಬಿಡಿ.

ನಮ್ಮವರಿಗೆ ಸಿಗುವ ಕೆಲಸ ಹೆಚ್ಚಾಗಿ ಸೆಕ್ಯೂರಿಟಿ, ಅದರಲ್ಲೂ ನೈಟ್ ಡ್ಯೂಟಿ. ನಿದ್ದೆ ಸರಿಯಾಗುವವರೆಗೆ ಹಗಲು ಪಾಳಿ ಕೇಳಿ ನೋಡಿ. ಸಂಬಳ ಸ್ವಲ್ಪ ಕಡಿಮೆ ಆದರೂ ನಷ್ಟವಿಲ್ಲ ಅಂತ ನನ್ನ ಲೆಕ್ಕ.

ಬಿಟ್ಟುಕೊಟ್ಟ ಜಾಗವನ್ನು ವಾಪಸ್ ಪಡೆಯುವುದು

ಇಡೀ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಹೆದರಿಕೆ ಆಗುವ ಜಾಗವನ್ನು ತಪ್ಪಿಸಿದಾಗ ತಕ್ಷಣ ಹಾಯೆನಿಸುತ್ತದೆ. ಆ ಹಾಯಿಯೇ ಮೋಸ. ಮೈ ಅದರಿಂದ ಕಲಿಯುವುದು "ಹೋಗದಿದ್ದಕ್ಕೇ ಬದುಕಿದೆ" ಅಂತ. ಮುಂದಿನ ಸಲ ಇನ್ನೂ ಸ್ವಲ್ಪ ದೂರದಿಂದಲೇ ತಪ್ಪಿಸಿಕೊಳ್ಳುತ್ತೀವಿ. ಮೊದಲು ಕೆರೆ ಹಿಂದಿನ ಹುಲ್ಲುಗಾವಲು ಹೋಯಿತು, ಆಮೇಲೆ ತಂಗಿ ಮನೆ, ಆಮೇಲೆ ಸ್ಕೂಲ್ ಮೈದಾನ. ಕೊನೆಗೆ ನನ್ನ ಊರು ಅಂದರೆ ಅಂಗಳ, ಟಾರ್ ರೋಡು, ಬಸ್ ಸ್ಟ್ಯಾಂಡು, ಇಷ್ಟೇ ಆಗಿತ್ತು.

ಇದಕ್ಕೆ ಮಾಡಬೇಕಾದ್ದು ಏಣಿ ಕಟ್ಟುವುದು. ನೀವು ತಪ್ಪಿಸುತ್ತಿರುವ, ಆದರೆ ನಿಜವಾಗಿ ಅಪಾಯ ಇಲ್ಲದ ಜಾಗ ಅಥವಾ ಕೆಲಸಗಳನ್ನು ಬರೆಯಿರಿ. ಒಂದೊಂದಕ್ಕೂ ಹೆದರಿಕೆ ಎಷ್ಟು ಅಂತ ಸೊನ್ನೆಯಿಂದ ಹತ್ತರೊಳಗೆ ಅಂಕ ಹಾಕಿ. ಮೂರು ನಾಲ್ಕು ಅಂಕದ್ದರಿಂದ ಶುರು. ಅಲ್ಲಿಗೆ ಹೋಗಿ, ಅಂಕ ಅರ್ಧಕ್ಕೆ ಇಳಿಯುವವರೆಗೆ ಅಲ್ಲೇ ಇರಿ. ಇಳಿಯುತ್ತದೆ. ಹತ್ತು ನಿಮಿಷ ಆಗಬಹುದು, ಮುಕ್ಕಾಲು ಗಂಟೆಯೂ ಆಗಬಹುದು. ಮರುದಿನ ಮತ್ತೆ ಅದೇ ಜಾಗ. ಅದು ಬೇಜಾರಾಗುವಷ್ಟು ಸುಲಭವಾದ ಮೇಲೆ ಮೇಲಿನ ಮೆಟ್ಟಿಲು.

ನಾನು ಮೊದಲು ಮಾಡಿದ್ದು ತಪ್ಪು. ಯಾರಿಗೂ ಹೇಳದೆ, ನೇರ ಒಂಬತ್ತು ಅಂಕದ ಜಾಗಕ್ಕೆ ಹೋದೆ, ಕೆರೆ ಏರಿಯ ಹಿಂದಿನ ಹುಲ್ಲುಗಾವಲಿಗೆ. ಸೈನಿಕ ಅಲ್ವಾ, ಹೆದರೋದೇನು ಅಂತ. ಇಪ್ಪತ್ತು ಹೆಜ್ಜೆ ಹೋಗುವಷ್ಟರಲ್ಲಿ ಕಾಲು ನೆಲಕ್ಕೆ ಅಂಟಿತು. ಮುಂದೂ ಹೋಗಲಾಗದೆ ಹಿಂದೂ ಬರಲಾಗದೆ ನಿಂತುಬಿಟ್ಟೆ. ಎಮ್ಮೆ ಹೊಡೆದುಕೊಂಡು ಬಂದ ಹುಡುಗನೊಬ್ಬ "ಏನಣ್ಣ, ಏನಾದ್ರೂ ಬೀಳಿಸ್ಕೊಂಡ್ರಾ?" ಅಂದ. ಹೌದು ಅಂದೆ. ಅವನೂ ಬಗ್ಗಿ ಹುಡುಕಿದ ಪಾಪ. ಎಮ್ಮೆಗಳು ಹೋದ ಜಾಡಿನಲ್ಲೇ ಹೊರಗೆ ಬಂದೆ. ಆಮೇಲೆ ಹತ್ತು ದಿನ ಮನೆ ಬಿಟ್ಟು ಹೊರಡಲಿಲ್ಲ.

ಡಾಕ್ಟರು ಕೇಳಿ ಬೈಯಲಿಲ್ಲ. "ನೀವು ಮೈನ್ ಫೀಲ್ಡ್‌ನಲ್ಲಿ ಒಂದೇ ದಿನ ಎಲ್ಲಾ ತೆಗೀತಿದ್ರಾ?" ಅಂತ ಕೇಳಿದರು. ಇಲ್ಲ ಸಾರ್, ಒಂದು ಲೇನ್ ಮುಗಿಸಿ ಇನ್ನೊಂದು ಲೇನ್ ಅಂದೆ. "ಒಬ್ಬರೇ ಹೋಗ್ತಿದ್ರಾ?" ಅದೂ ಇಲ್ಲ.

ಆಮೇಲೆ ಸರಿಯಾಗಿ ಶುರು ಮಾಡಿದೆ. ಮೊದಲು ಅಂಗಳದ ಮೂಲೆಯ ಹುಲ್ಲಿನ ಪಕ್ಕ ಸುಮ್ನೆ ನಿಲ್ಲುವುದು. ಆಮೇಲೆ ಅದರ ಮೇಲೆ ಬರಿಗಾಲಲ್ಲಿ. ಮೂರನೇ ಮೆಟ್ಟಿಲು ಗದ್ದೆ ಬದು, ಹೆಂಡತಿ ಮುಂದೆ, ನಾನು ಬೇಕೆಂದೇ ಅವಳ ಹೆಜ್ಜೆ ಬಿಟ್ಟು ಪಕ್ಕದಲ್ಲಿ ಕಾಲಿಡುವುದು. ಇದಕ್ಕೇ ಮೂರು ವಾರ ಹಿಡಿಯಿತು. ನಾಲ್ಕನೆಯದು ಅದೇ ಬದು, ಒಬ್ಬನೇ. ತಂಗಿ ಮನೆ ಐದನೆಯದು. ಹುಲ್ಲುಗಾವಲಿಗೆ ಹೋದದ್ದು ಐದು ತಿಂಗಳ ಮೇಲೆ. ಅಲ್ಲಿ ಕಾಲಿಡುವಾಗ ಹೆಂಡತಿ "ಹಾವಿದ್ರೆ ನೋಡ್ಕೊಳ್ರೀ" ಅಂದಳು. ಅವಳು ಹೇಳಿದ್ದು ನಿಜವಾದ ಅಪಾಯ, ಅದಕ್ಕೆ ಗಮ್‌ಬೂಟ್ ಹಾಕಿಕೊಂಡೆ.

ಈ ಏಣಿ ಜಾಗಗಳಿಗೆ, ದಿನನಿತ್ಯದ ಕೆಲಸಗಳಿಗೆ. ಆ ಘಟನೆಯ ನೆನಪನ್ನೇ ಎದುರು ಹಾಕಿಕೊಳ್ಳುವ ಕೆಲಸಕ್ಕೆ ತರಬೇತಾದ ಚಿಕಿತ್ಸಕರು ಪಕ್ಕದಲ್ಲಿ ಬೇಕು. ಅದನ್ನು ಮನೆಯಲ್ಲಿ ಕೂತು ಒಬ್ಬರೇ ಮಾಡಬೇಡಿ.

ಪಟಾಕಿಗೆ ಕ್ಯಾಲೆಂಡರ್ ಇಲ್ಲ

ದೀಪಾವಳಿ, ಗಣಪತಿ ಬಿಡೋದು ಯಾವಾಗ ಅಂತ ಮುಂಚೆಯೇ ಗೊತ್ತಿರುತ್ತದೆ. ಬೀದಿಯ ಹುಡುಗರಿಗೆ ಮೊದಲೇ ಹೇಳಿ, ಎಷ್ಟು ಗಂಟೆಗೆ ಹೊಡೆಯುತ್ತಾರೆ ಅಂತ ಕೇಳಿ ತಿಳಿದುಕೊಳ್ಳಿ. ಗೊತ್ತಿದ್ದು ಬರುವ ಸದ್ದಿಗೆ ಮೈ ಅಷ್ಟು ಬೆಚ್ಚುವುದಿಲ್ಲ. ಮೊದಲ ವರ್ಷ ಬೇಕಿದ್ದರೆ ದೂರದ ನೆಂಟರ ಮನೆಗೆ ಹೋಗಿ, ನಾಚಿಕೆ ಏನಿಲ್ಲ. ಎರಡನೇ ವರ್ಷ ಮನೆಯೊಳಗೆ. ಮೂರನೇ ವರ್ಷ ಜಗುಲಿ. ಇದೂ ಏಣಿಯೇ.

ನಮ್ಮ ಕಡೆ ತೊಂದರೆ ಬೇರೆ. ಆಲೂರು, ಸಕಲೇಶಪುರ, ಕೊಡಗಿನ ಕಡೆ ಆನೆ ಬಂದರೆ ರಾತ್ರಿ ಯಾವ ಹೊತ್ತಿಗಾದರೂ ಪಟಾಕಿ ಸಿಡಿಯುತ್ತದೆ. ಕೊಡಗಿನಲ್ಲಿ ಸಾವಿನ ಸುದ್ದಿ ತಿಳಿಸಲು ಎರಡು ಗುಂಡು ಹಾರಿಸುವ ಪದ್ಧತಿಯೂ ಇದೆ. ಆನೆ ಬಂದ ಸುದ್ದಿಯ ವಾಟ್ಸಾಪ್ ಗುಂಪಿಗೆ ನಾನು ಸೇರಿಕೊಂಡೆ. ಮೆಸೇಜ್ ಬಂದ ರಾತ್ರಿ ಪಟಾಕಿ ಬರುತ್ತದೆ ಅಂತ ಮೊದಲೇ ಗೊತ್ತು. ಆದರೂ ಬೆಚ್ಚಿದರೆ ಮನೆಯವರು "ಆನೆ, ಆನೆ" ಅಂತ ಎರಡು ಸಲ ಹೇಳುತ್ತಾರೆ. ಅಷ್ಟು ಸಾಕು.

ಡಾಕ್ಟರ ಹತ್ತಿರ ಹೋಗುವುದು ಹೇಗೆ

ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಇದ್ದರೆ ಅದರ ಪಾಲಿಕ್ಲಿನಿಕ್‌ಗೆ ಹೋಗಿ ಮನೋವೈದ್ಯರಿಗೆ ರೆಫರಲ್ ಕೇಳಿ. "ನಿದ್ದೆ ಬರಲ್ಲ" ಅಂತ ಮಾತ್ರ ಹೇಳಿದರೆ ನಿದ್ದೆ ಮಾತ್ರೆ ಕೊಟ್ಟು ಕಳಿಸಬಹುದು. ನನಗೆ ಮೊದಲು ಒಂದು ಕಡೆ ಎರಡೇ ನಿಮಿಷದಲ್ಲಿ ಹಾಗೇ ಆಯಿತು, ನಾನೂ ಪೂರ್ತಿ ಹೇಳಿರಲಿಲ್ಲ. "ಸರ್ವೀಸಿನಲ್ಲಿ ಹೀಗಾಗಿತ್ತು, ಈಗ ಹೀಗಾಗುತ್ತಿದೆ, ಇದು ಪಿಟಿಎಸ್‌ಡಿನಾ ನೋಡಿ" ಅಂತ ನೇರವಾಗಿ ಹೇಳಿ. ಕಾರ್ಡ್ ಇಲ್ಲದವರಿಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗ ಇದೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ನಿಗದಿ ದಿನ ಬರುವುದುಂಟು, ಯಾವ ದಿನ ಅಂತ ಕೇಳಿಕೊಂಡು ಹೋಗಿ. ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ. ಟೆಲಿ ಮಾನಸ್ 2022ರ ಅಕ್ಟೋಬರ್ 10ರಂದು ಶುರುವಾಯಿತು. ಸೇನೆಯವರಿಗೆ, ಅವರ ಕುಟುಂಬಕ್ಕೆ ಅಂತಲೇ 2023ರ ಡಿಸೆಂಬರ್‌ನಲ್ಲಿ ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಅದರ ಪ್ರತ್ಯೇಕ ಘಟಕ ತೆರೆದರು.

ಚಿಕಿತ್ಸೆಯಲ್ಲಿ ಎರಡು ದಾರಿ. ಮೊದಲನೆಯದು ಮಾತಿನ ಚಿಕಿತ್ಸೆ, ಆ ಆಘಾತವನ್ನೇ ಗುರಿಯಾಗಿಟ್ಟುಕೊಂಡು ಮಾಡುವಂಥದ್ದು. ಸಾಮಾನ್ಯವಾಗಿ ವಾರಕ್ಕೊಂದರಂತೆ ಎಂಟರಿಂದ ಹನ್ನೆರಡು ಬಾರಿ ಕೂರಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಕಣ್ಣಿನ ಚಲನೆ ಬಳಸುವ ಇಎಂಡಿಆರ್ ಅನ್ನೋದೂ ಇದೇ ಸಾಲಿನದು. ಮೊದಲ ಎರಡು ಮೂರು ವಾರ ಜಾಸ್ತಿ ಆದಂತೆ ಅನ್ನಿಸಬಹುದು. ಅಲ್ಲೇ ಬಿಟ್ಟು ಬರುವವರು ತುಂಬ ಜನ, ದಯವಿಟ್ಟು ಬಿಡಬೇಡಿ. ಎರಡನೆಯದು ಮಾತ್ರೆ. ಸರ್ಟ್ರಲಿನ್‌ನಂಥವು ಕೆಲಸ ಶುರು ಮಾಡಲು ನಾಲ್ಕರಿಂದ ಆರು ವಾರ ಬೇಕು. ಹತ್ತು ದಿನ ನುಂಗಿ "ಏನೂ ಆಗಲಿಲ್ಲ" ಅಂತ ಬಿಸಾಕುವುದು ಬೇಡ, ಚೆನ್ನಾಗಾಯಿತು ಅಂತ ತಾವೇ ನಿಲ್ಲಿಸುವುದೂ ಬೇಡ. ಗಾಬರಿ ಇಳಿಸಿ ಮಂಪರು ತರುವ ಅಲ್ಪ್ರಜೋಲಮ್‌ನಂಥ ಮಾತ್ರೆಗಳ ಬಗ್ಗೆ ಮಾತ್ರ ಹುಷಾರು. ಅವು ಬೇಗ ಚಟವಾಗುತ್ತವೆ, ಪಿಟಿಎಸ್‌ಡಿಗೆ ಅವು ಔಷಧ ಅಲ್ಲ, ಕುಡಿತದ ಜೊತೆ ಸೇರಿದರೆ ಅಪಾಯ. ಮೆಡಿಕಲ್ ಶಾಪಿನಲ್ಲಿ ಗೊತ್ತಿರುವವರ ಹತ್ತಿರ ಕೇಳಿ ತರುವ ಅಭ್ಯಾಸ ಇದ್ದರೆ ಡಾಕ್ಟರಿಗೆ ಹೇಳಿ. ಈಗಾಗಲೇ ದಿನಾ ತೆಗೆದುಕೊಳ್ಳುತ್ತಿದ್ದರೆ ಇದನ್ನೂ ಥಟ್ಟನೆ ನಿಲ್ಲಿಸಬಾರದು.

ಮನೋವೈದ್ಯರ ಚೀಟಿಯಿಂದ ಪೆನ್ಷನ್ ನಿಲ್ಲುತ್ತೆ ಅನ್ನೋ ಭಯ ಹಲವರಿಗಿದೆ. ದುಡಿದು ಗಳಿಸಿದ ಪೆನ್ಷನ್ ಅದರಿಂದ ನಿಲ್ಲುವುದಿಲ್ಲ. ಚೀಟಿ, ರಿಪೋರ್ಟುಗಳನ್ನೆಲ್ಲ ಡಿಸ್ಚಾರ್ಜ್ ಬುಕ್ ಜೊತೆ ಒಂದೇ ಫೈಲಿನಲ್ಲಿ ಇಡಿ. ಕಾಯಿಲೆ ಸರ್ವೀಸಿನಿಂದಲೇ ಬಂದದ್ದು ಅಂತ ಕೇಳಿಕೊಳ್ಳುವ ಪ್ರಸಂಗ ಬಂದರೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಲು ಆ ಫೈಲು ಬೇಕಾಗುತ್ತದೆ.

ಮನೆಯವರಿಗೆ

ಅವರು ನಿದ್ದೆಯಲ್ಲಿ ಕಿರುಚಿದರೆ ಮುಟ್ಟಿ ಅಲ್ಲಾಡಿಸಬೇಡಿ. ಲೈಟ್ ಹಾಕಿ, ಕಾಲ ಕಡೆ ಸ್ವಲ್ಪ ದೂರ ನಿಂತು ಹೆಸರು ಹಿಡಿದು ಕರೆಯಿರಿ. ಬೇಕೆಂದು ಹೊಡೆಯುವುದಿಲ್ಲ, ಅರೆನಿದ್ದೆಯಲ್ಲಿ ಕೈ ಹೋಗಿಬಿಡುತ್ತದೆ.

"ಎಷ್ಟು ಜನರನ್ನು ಹೊಡೆದಿದ್ದೀಯ?" ಅನ್ನೋ ಪ್ರಶ್ನೆ ಮದುವೆ ಮನೆಗಳಲ್ಲಿ ಬಂದೇ ಬರುತ್ತದೆ. ಮಾತು ಬದಲಿಸುವ ಕೆಲಸ ನಿಮ್ಮದು. ಎಲ್ಲ ಹೇಳಿಬಿಟ್ಟರೆ ಹಗುರಾಗುತ್ತೆ ಅಂತ ಒತ್ತಾಯಿಸಿ ಕೇಳುವುದೂ ಬೇಡ, ಅದರಿಂದ ಒಳ್ಳೆಯದಾಗುವ ಬದಲು ಕೆಟ್ಟದ್ದೂ ಆಗಬಹುದು. ಅವರಾಗಿ ಹೇಳಿದರೆ ಕೇಳಿ. ನನ್ನ ಹೆಂಡತಿ ಅವತ್ತು ಬದುವಿನ ಮೇಲೆ ಯಾಕೆ ಅಂತ ಎರಡನೇ ಸಲ ಕೇಳಲಿಲ್ಲ. ಮನೆಗೆ ಬಂದು ರೊಟ್ಟಿ ತಟ್ಟುತ್ತಾ, "ನಾಳೆ ನೀವು ಮುಂದೆ ನಡೀರಿ" ಅಂದಳು. ನನಗೆ ಆಗಲಿಲ್ಲ, ಅದು ಬೇರೆ ಮಾತು. ಆದರೆ ಅವಳಿಗೆ ಗೊತ್ತಾಗಿದೆ ಅಂತ ನನಗೆ ಗೊತ್ತಾಯಿತು.

ಕೈ ಎತ್ತುವುದನ್ನು ಮಾತ್ರ ಸಹಿಸಬೇಕಾಗಿಲ್ಲ. ಕಾಯಿಲೆ ಅದಕ್ಕೆ ಕಾರಣ ಹೇಳಬಹುದು, ಪರವಾನಗಿ ಕೊಡುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಬೇರೆ ಕಡೆ ಹೋಗಿ, ಬೇಕಾದರೆ 112ಕ್ಕೆ ಫೋನ್ ಮಾಡಿ.

ಮನೆಯಲ್ಲಿ ಕೋವಿ ಇದ್ದರೆ ಈ ಕಷ್ಟದ ದಿನಗಳಲ್ಲಿ ಅದು ಮನೆಯಲ್ಲಿ ಇರಬಾರದು. ಪೊಲೀಸ್ ಠಾಣೆಯಲ್ಲಿ ಕೇಳಿ, ಕಾನೂನು ಪ್ರಕಾರ ಎಲ್ಲಿ ಇಡಬಹುದೋ ಅಲ್ಲಿ ಇರಿಸಿ. ತೋಟದ ಔಷಧಿ, ಕಳೆನಾಶಕ ಬೀಗದೊಳಗೆ ಇಡಿ. ಸಾಯುವ ಯೋಚನೆ ತೀರಾ ಜೋರಾಗಿ ಬರುವುದು ಹಲವು ಸಲ ಸ್ವಲ್ಪ ಹೊತ್ತು ಮಾತ್ರ. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ಅನುಮಾನ ಬಂದರೆ ಬಾಯಿಬಿಟ್ಟು ಕೇಳಿ: "ಸಾಯಬೇಕು ಅನ್ನಿಸ್ತಿದೆಯಾ?" ಕೇಳಿದ್ದರಿಂದ ಇಲ್ಲದ ಯೋಚನೆ ಹೊಸದಾಗಿ ತಲೆಗೆ ಬರುವುದಿಲ್ಲ, ಇದ್ದರೆ ಹೊರಗೆ ಬರುತ್ತದೆ. ಪೊಲೀಸ್ ಕೇಸ್ ಆಗುತ್ತೆ ಅಂತ ಆಸ್ಪತ್ರೆಗೆ ಕರೆದೊಯ್ಯದೆ ಇರಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಕಾನೂನು ಭಾವಿಸುತ್ತದೆ.

ಮತ್ತೆ ಬಂದರೆ

ಬರುತ್ತದೆ. 2025ರ ಮೇ ತಿಂಗಳಲ್ಲಿ ಗಡಿಯಲ್ಲಿ ಗಲಾಟೆಯಾದಾಗ ಟಿವಿಯವರು ಹಗಲೂ ರಾತ್ರಿ ಸೈರನ್ ಹಾಕುತ್ತಿದ್ದರು. ಹಾಗೆ ಹಾಕಬೇಡಿ ಅಂತ ಕೊನೆಗೆ ಸರ್ಕಾರವೇ ಚಾನೆಲ್‌ಗಳಿಗೆ ಹೇಳಬೇಕಾಯಿತು. ಆ ವಾರ ನಮ್ಮ ಮಾಜಿ ಸೈನಿಕರ ಗುಂಪಿನಲ್ಲಿ ರಾತ್ರಿ ಎರಡು ಗಂಟೆಗೆಲ್ಲ ಮೆಸೇಜ್. ಯಾರಿಗೂ ನಿದ್ದೆ ಇಲ್ಲ. ಎಪ್ಪತ್ತು ದಾಟಿದವರಿಗೂ ಇಲ್ಲ. ಚಿಲಕ ನೋಡುವುದು ನನಗೆ ಮತ್ತೆ ಐದು ಸಲಕ್ಕೆ ಏರಿತು.

ಟಿವಿ ಆಫ್ ಮಾಡಿದೆ. ಸುದ್ದಿಯನ್ನು ಬೆಳಿಗ್ಗೆ ಒಮ್ಮೆ ಪೇಪರಿನಲ್ಲಿ ಮಾತ್ರ ನೋಡುತ್ತಿದ್ದೆ. ಹಳೆ ನೋಟ್‌ಬುಕ್ ಹುಡುಕಿ ತೆಗೆದು ಹೊಸ ಪುಟದಲ್ಲಿ ತಾರೀಕು ಹಾಕಿದೆ. ಗುಂಪಿನಲ್ಲಿ ಇಬ್ಬರಿಗೆ ಫೋನ್ ಮಾಡಿ, ಸುದ್ದಿ ಬಿಟ್ಟು ಬೇರೆ ಮಾತಾಡಿದೆ, ಕಾಳುಮೆಣಸಿನ ರೇಟು ಅದೂ ಇದೂ. ಡಾಕ್ಟರಿಗೂ ಒಂದು ಫೋನ್. ಅವರು ಯಾವ ಮೆಟ್ಟಿಲಲ್ಲಿದ್ದೀರಿ ಅಂತ ಕೇಳಿದರು. ಮೂರು ಅಂದೆ. ಸರಿ, ಮೂರರಿಂದ ಶುರು ಮಾಡಿ ಅಂದರು. ಸಂಜೆ ಹೆಂಡತಿಯನ್ನು ಕರೆದುಕೊಂಡು ಬದುವಿನ ಕಡೆ ಹೊರಟೆ.